ಹಿಂದಿನಿಂದ ಹೇಳಿ ಸಾರ್

“ಏಳು, ಎರಡು, ಒಂಬತ್ತು, ನಾಲ್ಕು. ಈಗ ಹಿಂದಿನಿಂದ ಹೇಳಿ ಸಾರ್.”

“ನಾಲ್ಕು, ಒಂಬತ್ತು…” ಸಿದ್ಧಲಿಂಗೇಶ ಗಂಟಲು ಸರಿಮಾಡಿಕೊಂಡ. ಈಗಷ್ಟೇ ನಾಲಿಗೆಯ ತುದಿಯಲ್ಲಿತ್ತು, ಹಾಳಾದ್ದು ಎಲ್ಲಿ ಹೋಯಿತು? “ಏಳು.”

“ಪರವಾಯಿಲ್ಲೆ ಸಾರ್,” ಎಂದು ಮನಃಶಾಸ್ತ್ರಜ್ಞೆ ನೇಹಾ ಏನನ್ನೋ ಗೀಚಿಕೊಂಡಳು. ಚೆನ್ನೈಯಲ್ಲೇ ಬೆಳೆದ ಕನ್ನಡದ ಹುಡುಗಿ. ಮುಖದಲ್ಲಿ ಮರುಕವೂ ಇಲ್ಲ, ನಗುವೂ ಇಲ್ಲ. ಅದಕ್ಕೇ ಅವನಿಗೆ ಉರಿಯಿತು.

ಅವನಿಗೇನೂ ಇಲ್ಲಿಗೆ ಬರುವ ತೆವಲಿರಲಿಲ್ಲ. ಹದಿನೆಂಟು ವರ್ಷದಿಂದ ಸ್ಕಿಜೋಫ್ರೇನಿಯಾ ಇರುವುದು ಅಣ್ಣ ಏಕಾಂತಪ್ಪನಿಗೆ. ರೋಗಿಗಳ ಒಡಹುಟ್ಟಿದವರ ನೆನಪನ್ನೂ ಅಳೆಯುತ್ತೇವೆ ಎಂದು ಆಸ್ಪತ್ರೆಯವರು ಕರೆದಾಗ ಸಿದ್ಧಲಿಂಗೇಶ ಓಡಿಬಂದದ್ದು ವಿಜ್ಞಾನದ ಉದ್ಧಾರಕ್ಕಲ್ಲ. ಮದುವೆಗೆಂದು ನೋಡಿಬಂದಿದ್ದ ಅಣ್ಣಾ ನಗರದ ಹೆಣ್ಣಿನ ತಂದೆಗೆ ಅಣ್ಣನ ವಿಷಯ ಗೊತ್ತಾಗಿಬಿಟ್ಟಿತ್ತು. ‘ನಿಮಗೇನೂ ಇಲ್ಲ ಅಂತ ಡಾಕ್ಟರಿಂದ ಒಂದು ಚೀಟಿ ತನ್ನಿ’ ಎಂದಿದ್ದರು ಆತ, ಬಾಳೆಹಣ್ಣಿನ ತಟ್ಟೆ ಮುಂದೆ ಸರಿಸುತ್ತ.

ವಿಮಾ ಕಚೇರಿಯಲ್ಲಿ ಅವನ ಕೆಲಸವೂ ಅಂಥದ್ದೇ. ಅರ್ಜಿಯಲ್ಲಿ ‘ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ?’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದಿದೆಯೇ ನೋಡಿ ಸೀಲು ಒತ್ತುವುದು. ತನ್ನ ಸ್ವಂತ ಪಾಲಿಸಿಯಲ್ಲೂ ‘ಇಲ್ಲ’ ಎಂದೇ ಬರೆದಿದ್ದ. ಆಗ ಅಣ್ಣ ಪಕ್ಕದಲ್ಲೇ ಕೂತು ಇಡ್ಲಿ ತಿನ್ನುತ್ತಿದ್ದ.

“ನಾರ್ಮಲ್ ಅಂತ ಬರ್ದುಕೊಡಿ,” ಎಂದ ಸಿದ್ಧಲಿಂಗೇಶ, ನೇಹಾಗೆ.

“ಹಾಗೆಲ್ಲ ಕೊಡಕ್ಕಾಗಲ್ಲ ಸಾರ್, ಇದು ರಿಸರ್ಚ್. ನಿಮ್ಮದು ಮೂರು ಅಂಕಿಗೇ ನಿಂತುಹೋಯ್ತು. ಟೆನ್ಷನ್ ಇದ್ರೂ ಆಗತ್ತೆ. ಕಾಯಿಲೆ ಅಂತಲ್ಲ. ಪೇಷೆಂಟ್ ಫ್ಯಾಮಿಲೀಲಿ ನೆನಪು ಸ್ವಲ್ಪ ಕಡಿಮೆ ಇರೋದು ಕಾಮನ್.”

ಫ್ಯಾಮಿಲಿಯಂತೆ, ಫ್ಯಾಮಿಲಿ! ಅಪ್ಪ ಸಾಯುವವರೆಗೂ ಇದು ಅವ್ವನ ತವರಿನ ಬಳುವಳಿ ಎಂದ. ಅವ್ವ, ಅಪ್ಪನ ಮನೆತನದ್ದೆಂದಳು. ತಾನು ಯಾವ ಕಡೆಗೂ ಸೇರಿದವನಲ್ಲ ಎಂದು ಆಸಾಮಿ ಇಷ್ಟು ವರ್ಷ ಹಾಯಾಗಿದ್ದ. ಈಗ ಹೆದರಿಕೆಯಾಯಿತು.

ಹೊರಗೆ ಬೆಂಚಿನ ಮೇಲೆ ಏಕಾಂತಪ್ಪ ಕಾಲು ಕುಣಿಸುತ್ತ ಕೂತಿದ್ದ. ಅವನ ಪರೀಕ್ಷೆ ಬೆಳಿಗ್ಗೆಯೇ ಮುಗಿದಿತ್ತು.

“ನಿನಗ ಎಷ್ಟ ಬಂದ್ವೋ ತಮ್ಮಾ?”

“ಏನು?”

“ಉಲ್ಟಾ ಅಂಕಿ. ನನಗ ನಾಕು ಬಂದ್ವು.”

“ಐದು.”

“ಶಾಣ್ಯಾ ಅದಿ ಬಿಡು,” ಎಂದ ಅಣ್ಣ, ಮನಸಾರೆ. ಸುಳ್ಳು ಹೇಳಿದ್ದಕ್ಕೆ ಸಿದ್ಧಲಿಂಗೇಶನಿಗೆ ನಾಚಿಕೆಯಾಗಲಿಲ್ಲ. ಅಣ್ಣ ನಂಬಿದ್ದಕ್ಕೆ ಆಯಿತು.

ಗೇಟಿನಲ್ಲಿ ಕಾವಲುಗಾರ ದಪ್ಪ ರಿಜಿಸ್ಟರು ಚಾಚಿದ. ಕರೆದುಕೊಂಡು ಹೋಗುವವರ ಸಹಿ ಇಲ್ಲದೆ ರೋಗಿಯನ್ನು ಹೊರಗೆ ಬಿಡುವಂತಿಲ್ಲ.

“ಪೇಷೆಂಟ್ ಯಾರು ಸಾರ್?”

ಅಣ್ಣನತ್ತ ಬೆರಳು ತೋರಿಸುವುದು ಹದಿನೆಂಟು ವರ್ಷದ ಅಭ್ಯಾಸ. ಇವತ್ತು ಕೈ ಏಳಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಏಕಾಂತಪ್ಪ ತಮ್ಮನ ಮುಖವನ್ನೇ ತುಸು ಹೊತ್ತು ನೋಡಿದ. ಆಮೇಲೆ ಪೆನ್ನು ತೆಗೆದುಕೊಂಡು, ಕರೆದುಕೊಂಡು ಹೋಗುವವರ ಕಾಲಮ್ಮಿನಲ್ಲಿ ದುಂಡಗೆ ತನ್ನ ಹೆಸರು ಬರೆದ.

“ಪಾತ್ತು ಕೂಟಿಟ್ಟು ಪೋಂಗ,” ಎಂದ ಕಾವಲುಗಾರ ಅವನಿಗೆ, ಹುಷಾರಾಗಿ ಕರೆದುಕೊಂಡು ಹೋಗಿ ಎಂದು.

ಏಕಾಂತಪ್ಪ ತಲೆಯಾಡಿಸಿ ತಮ್ಮನ ಮೊಣಕೈ ಹಿಡಿದ. ರಸ್ತೆಯಲ್ಲಿ ಬಸ್ಸುಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ಸಿದ್ಧಲಿಂಗೇಶ ಕೈ ಬಿಡಿಸಿಕೊಳ್ಳಲಿಲ್ಲ.