ಸುಮ್ನೆ ಬಂದು ಹೋಗಮ್ಮ

೧

ಹೇಗೆ ಶುರುಮಾಡಲಿ? 'ಮಾಲಾ ಚಿಂತಾಮಣಿಯಿಂದ ತವರಿಗೆ ಬಂದಳು' ಎಂದರೆ ಹಬ್ಬದ ಕಥೆ ಅಂದುಕೊಳ್ಳುತ್ತೀರಿ. 'ಅಣ್ಣ ತಂಗಿಯ ಪಾಲು ನುಂಗಲು ನೋಡಿದ' ಎಂದರೆ ಕೋರ್ಟಿನ ಕಥೆ ಅಂದುಕೊಳ್ಳುತ್ತೀರಿ. ಆ ಮನೆಯಲ್ಲಿ ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ.

೨

ಮೊನ್ನೆ ಸೆಮಿನಾರಿನಲ್ಲಿ ಒಬ್ಬ ಮೇಷ್ಟ್ರು ಅಂದರು: "ಜರ್ಮನಿಯವರು ಬೇಡ ಅಂದರೆ ಬೇಡ. ನಮ್ಮವರ ಬೇಡದಲ್ಲಿ ಅರ್ಧ ಲೋಟ ಕಾಫಿ ಇರುತ್ತದೆ. ಎಂಥ ಸೊಗಸು!" ಎಲ್ಲರೂ ಚಪ್ಪಾಳೆ ತಟ್ಟಿದರು. (ನಾನೂ ತಟ್ಟಿದೆ. ಊಟ ಚೆನ್ನಾಗಿತ್ತು.) ಸೊಗಸಂತೆ! ಆ ಸೊಗಸಿಗೆ ಬೆಲೆ ತೆರುವವರು ಯಾರು ಸ್ವಾಮಿ?

೩

ಅಣ್ಣ ರಮೇಶ್‌ಬಾಬು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸುಮ್ನೆ ಬಂದು ಹೋಗಮ್ಮ. ನಿನ್ನ ನೋಡಿ ಎಷ್ಟು ದಿನ ಆಯ್ತು. ಬರ್ತಾ ಆಧಾರ್ ಕಾರ್ಡ್ ತಗೊಂಡ್ ಬಾ."

ತಂಗಿಯ ಮುಖ ನೋಡಲು ಆಧಾರ್ ಯಾಕೆ ಎಂದು ಮಾಲಾ ಕೇಳಲಿಲ್ಲ. ಮುದ್ದೇನಹಳ್ಳಿ ರಸ್ತೆಯಲ್ಲಿರುವ, ತೀರಿಹೋದ ಅಪ್ಪನ ಜಮೀನನ್ನು ಲೇಔಟಿನವರು ನೋಡಿ ಹೋಗಿದ್ದು ಅವಳಿಗೆ ಗೊತ್ತು. ಅದರಲ್ಲಿ ಅವಳಿಗೂ ಪಾಲಿದೆ.

ತವರಿನಿಂದ ಹೊರಡುವ ಮಗಳಿಗೆ ಮಡಿಲಕ್ಕಿ ಕಟ್ಟುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಈ ಮನೆತನದಲ್ಲಿ ಪಾಲಿನ ವಿಷಯ ಎದ್ದಾಗ ಅದಕ್ಕೆ ಇನ್ನೊಂದು ಅರ್ಥ. ರೇಷ್ಮೆ ಸೀರೆ ತಗೊಂಡು, ಮಡಿಲಕ್ಕಿಗೆ ಸೆರಗೊಡ್ಡಿದಳೆಂದರೆ ಪಾಲು ಬಿಟ್ಟಳು ಅಂತ. ಆಮೇಲಿನ ಸೈನು ಬರೀ ಶಾಸ್ತ್ರ. ಸೋದರತ್ತೆ ಆಂಜಿನಮ್ಮನದೂ ಹಾಗೇ ಹೋಯಿತು.

೩ (ಹರಿದು ಹಾಕಿದ್ದು)

ಮಾಲಾ ಎದ್ದು ನಿಂತು, "ಅಣ್ಣಾ, ನನ್ನ ಪಾಲು ನನಗೆ ಬೇಕು!" ಎಂದು ಗುಡುಗಿದಳು.

"ಯಾರ್ರೀ ಗುಡುಗಿದ್ದು?" ಎಂದು ಮಾಲಾ ನನ್ನ ಮೇಲೇ ಬಂದಳು. "ನೀವು ಬರೆದು ಮನೆಗೆ ಹೋಗ್ತೀರ. ನಾಳೆ ನನ್ನ ಮಗಳ ಮದುವೇಲಿ ಸೋದರಮಾವನ ಜಾಗದಲ್ಲಿ ನೀವು ಬಂದು ನಿಂತ್ಕೋತೀರಾ?"

ಹಾಳೆ ಹರಿದೆ. ಕೇಳಿದರೆ ತವರು ಹೋಗುತ್ತದೆ, ಕೇಳದಿದ್ದರೆ ಪಾಲು ಹೋಗುತ್ತದೆ.

"ಹಂಗಾದ್ರೆ ಏನಂತೀಯಮ್ಮ?" ಎಂದು ನಾನೇ ಕೇಳಿದೆ.

"ಅಪ್ಪ ಅಂತಿದ್ದಂಗೇ ಅಂತೀನಿ."

೫ (ನಾಲ್ಕು ಎಲ್ಲಿ ಎಂದು ಕೇಳಬೇಡಿ)

ಆ ಮನೆಯಲ್ಲಿ 'ಇಲ್ಲ' ಎನ್ನಲು ತೆಲುಗು. ಮಾಲಾ ಕಾಲೇಜು ಸೇರುತ್ತೇನೆ ಎಂದಾಗ ಅಪ್ಪ "ಚೂದ್ದಾಂಲೇ" ಅಂದಿದ್ದರು. ನೋಡೋಣ ಬಿಡು, ಅಂತ. ಅಲ್ಲಿಗೆ ಕಾಲೇಜು ಮುಗಿಯಿತು. ಎರಡನೇ ಸಲ ಕೇಳುವ ಪದ್ಧತಿಯೇ ಇರಲಿಲ್ಲ.

ಮಾಲಾ ಬಂದಳು, ಊಟವಾಯಿತು. ಅತ್ತಿಗೆ ಕಲ್ಯಾಣಿ ಸೀರೆ ತಂದಿಟ್ಟಳು. ಅಣ್ಣ ಹಲ್ಲುಕಡ್ಡಿ ಆಡಿಸುತ್ತಾ, "ನಿನ್ನ ಬಸ್ಸು ಹತ್ತಿಸೋಕೆ ಮುಂಚೆ ಚಿಕ್ಕಬಳ್ಳಾಪುರದಲ್ಲಿ ಒಂಚೂರು ಕೆಲ್ಸ ಐತೆ ಕಣಮ್ಮ" ಅಂದ.

"ಚೂದ್ದಾಂಲೇ ಅಣ್ಣಾ," ಅಂದಳು ಮಾಲಾ.

ಅತ್ತಿಗೆಯ ಕೈ ನಿಂತಿತು. ಅಣ್ಣನ ಬಾಯಲ್ಲಿ ಕಡ್ಡಿ ನಿಂತಿತು. ಆಮೇಲೆ ಅವನು ನಕ್ಕ. "ಸರಿ ಹಂಗಾದ್ರೆ, ಬೇಗ ಹೊರಡು. ಮೂರು ಗಂಟೆಗೆ ಟೋಕನ್ನು." (ಯಾವ ಆಫೀಸಿನದು ಎಂದು ಬಾಯಿಬಿಡಲಿಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನದು.)

ನೋಡಿದಿರಾ? ಬಾಗಿಲಲ್ಲಿ ನೆಂಟ ಕೆಮ್ಮಿದರೆ ಕಾಫಿಗೋ ಊಟಕ್ಕೋ ಎಂದು ತಿಳಿಯುವ ಗಂಡಸು ಇವನು! ತಂಗಿಯ 'ಇಲ್ಲ' ಮಾತ್ರ ತಿಳಿಯಲಿಲ್ಲವಂತೆ. ಇದಕ್ಕೇ ಜಾಣ ಕಿವುಡು ಅನ್ನುವುದು. ಸೂಕ್ಷ್ಮ ಅರ್ಥವಾಗುವ ಜನರಂತೆ ನಾವು. ಥೂ.

೬

ಮುಗಿಸಬೇಕಂತೆ.

ಅ) ಅಣ್ಣ ಕರಗಿ ಕಣ್ಣೀರಿಟ್ಟ. (ಸುಳ್ಳು.)

ಆ) ಕೋರ್ಟು, ಕೇಸು, ಜಯ. (ಮಾಲಾ ಬೇಡ ಅಂದಿದ್ದಾಳೆ. ಇದು ಜರ್ಮನಿಯ ಬೇಡ.)

ಇ) ಅತ್ತಿಗೆ ಅಕ್ಕಿ, ಬೆಲ್ಲ, ಕೊಬ್ಬರಿಯ ಮೊರ ಹಿಡಿದು, "ಸೆರಗೊಡ್ಡಮ್ಮ ಮಾಲಾ" ಎನ್ನುತ್ತಾಳೆ. ಮಾಲಾ ಸೆರಗನ್ನು ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಾಳೆ. ಅತ್ತಿಗೆ ಇನ್ನೊಂದು ಸಲ ಕರೆಯುತ್ತಾಳೆ. ಅಣ್ಣ ಫೋನ್ ನೋಡುತ್ತಿದ್ದಾನೆ.

ನಾನು ಇಲ್ಲಿಂದ ಮುಂದೆ ಬರೆಯುವುದಿಲ್ಲ. ಅವಳು ಎರಡು ಸಲ ಹೇಳಿಯಾಯಿತು, ಒಮ್ಮೆ ತೆಲುಗಿನಲ್ಲಿ, ಒಮ್ಮೆ ಸೆರಗಿನಲ್ಲಿ. ಆಮೇಲೆ ಅವಳೇನು ಹೇಳಿದಳು ಎಂದು ಕೇಳಿದಿರೋ, ನೀವೂ ಅಣ್ಣನ ಕಡೆಯವರೇ.