ಅಪ್ಪನ ಗಾಡಿಯ ನಂಬರು

ನನ್ನ ತಮ್ಮ ಅಪ್ಪನಿಂದ ತೆಗೆದುಕೊಂಡು ಹೋದದ್ದು ಬರೀ ಒಂದು ನಂಬರು ಎಂದು ಬಂಧುಗಳೆಲ್ಲ ನನಗೇ ಬುದ್ಧಿ ಹೇಳುತ್ತಾರೆ. ಅವರಿಗೇನು, ಹೇಳಿ ಮನೆಗೆ ಹೋಗುತ್ತಾರೆ.

ಅಪ್ಪ ಆಯುಷ್ಯವೆಲ್ಲ ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಕಾರು ಪಾರ್ಕಿಂಗ್ ಕಾದವರು. ಬಣ್ಣವಾಗಲಿ ಮಾಲೀಕರ ಮುಖವಾಗಲಿ ಅವರಿಗೆ ಬೇಕಿರಲಿಲ್ಲ; ಪ್ಲೇಟು ಓದಿಯೇ ಗಾಡಿ ಗುರುತು ಹಿಡಿಯುತ್ತಿದ್ದರು. ಕೊನೆಗೆ ತಾವೂ ಒಂದು ಹಳೇ ಕಾರು ಕೊಂಡಾಗ 7227 ಎಂಬ ನಂಬರಿಗೆ ಮರುಳಾಗಿಯೇ ಕೊಂಡರು. "ಹಿಂದಿನಿಂದ ಓದಿದ್ರೂ ಅದೇ, ಮುಂದಿನಿಂದ ಓದಿದ್ರೂ ಅದೇ. ನನ್ನ ಥರ!" ಎಂದು ಮೀಸೆ ತಿರುವಿದ್ದರು.

ಈಗ ಅವರಿಗೆ ಮರೆವು. ಹೆಸರು, ಮುಖ ಎಲ್ಲ ಹೋಗಿವೆ, ನಂಬರು ಮಾತ್ರ ಹೋಗಿಲ್ಲ. ಡಯಾಲಿಸಿಸ್‌ಗೆ ಕರೆದೊಯ್ಯುವಾಗಲೆಲ್ಲ ಕಾರಿನ ಮುಂದೆ ನಿಂತು ಗಟ್ಟಿಯಾಗಿ ಓದಿ, "ನಮ್ಮದೇ" ಎಂದ ಮೇಲೆಯೇ ಹತ್ತುತ್ತಿದ್ದರು.

ನನ್ನ ತಮ್ಮ ಹೊಸ ಕಾರು ತಗೊಂಡ. ಅದಕ್ಕೆ ಅಪ್ಪನ ನಂಬರೇ ಬೇಕಂತೆ.

"ಅಪ್ಪನೇ ಹೂಂ ಅಂದ್ರು ಅಕ್ಕ, ಸೈನೂ ಹಾಕಿದ್ರು."

"ಅಪ್ಪ ಈಗ ಯಾರು ಏನು ಕೇಳಿದ್ರೂ ಹೂಂ ಅಂತಾರೆ ಕಣೋ!"

"ನಂಬರ್ ಅಷ್ಟೇ ತಾನೆ? ಗಾಡಿ ನಿಂಗೇ ಇರ್ಲಿ ಬಿಡು."

ಆಹಾ, ದಾನಶೂರ! ಸಾರಿಗೆ ಕಚೇರಿಯಲ್ಲಿ ಅಪ್ಪನ ನಂಬರು ಅವನ ಕಾರಿಗೆ ಹೋಯಿತು, ನಮ್ಮ ಕಾರಿಗೆ ಯಾವುದೋ ಹೊಸ ನಂಬರು ಬಂತು. ಪ್ಲೇಟು ಹಾಕುವವನು ಹಳೆಯದನ್ನು ಬಿಚ್ಚಿ, ನನ್ನೆದುರೇ ಕತ್ತರಿಸಿ ಎರಡು ತುಂಡು ಮಾಡಿ ಗುಜರಿಗೆ ಎಸೆದ. ಮತ್ತೆ ಯಾರೂ ಬಳಸಬಾರದೆಂದು ಅವರು ಹಾಗೆ ಮಾಡುವುದು.

ಮಾರನೇ ದಿನ ಅಪ್ಪ ಹೊಸ ಪ್ಲೇಟು ಓದಿ ಹಿಂದೆ ಸರಿದರು. "ಯಾರದ್ದೋ ಗಾಡಿ. ಮುಟ್ಬೇಡ, ಮಾಲೀಕರು ಬೈತಾರೆ."

ಬೇಡಿಕೊಂಡೆ, ಕೈ ಹಿಡಿದು ಎಳೆದೆ. ಕಾರು ಕಳ್ಳಿ ಎಂದು ಬೀದಿಯೆಲ್ಲ ಕೇಳುವಂತೆ ಕೂಗಿದರು. ಬಾಡಿಗೆ ಗಾಡಿ ತರಿಸಿದರೆ ಅದನ್ನೂ ಹತ್ತಲಿಲ್ಲ. ಎರಡು ಸಲ ಡಯಾಲಿಸಿಸ್ ತಪ್ಪಿತು. ಕಾಲು ಊದಿಕೊಂಡಿತು, ಉಸಿರು ಕಟ್ಟತೊಡಗಿತು. "ಇನ್ನೊಂದ್ಸಲ ತಪ್ಪಿಸಿದ್ರೆ ಜೀವಕ್ಕೇ ಅಪಾಯ" ಎಂದು ನರ್ಸ್ ಫೋನಿನಲ್ಲಿ ಗದರಿದಳು.

ತಮ್ಮನಿಗೆ ಫೋನು ಮಾಡಿದೆ. "ನಿನ್ನ ಗಾಡಿ ತಗೊಂಡು ಬಾರೋ. ಆ ನಂಬರ್ ನೋಡಿದ್ರೆ ಹತ್ತುತ್ತಾರೆ."

"ಮೀಟಿಂಗ್ ಇದೆ ಅಕ್ಕ. ಅದೂ ಅಲ್ದೆ ಹೊಸ ಸೀಟು... ಅಪ್ಪ ವಾಂತಿ ಗೀಂತಿ ಮಾಡ್ಕೊಂಡ್ರೆ?"

ಮೈಯೆಲ್ಲ ಉರಿದುಹೋಯಿತು. ಫೋನು ಕುಕ್ಕಿ ಪ್ಲೇಟಿನವನ ಹತ್ತಿರ ಓಡಿದೆ. ಅದೇ ನಂಬರು ಇನ್ನೊಂದು ಮಾಡಿಕೊಡು ಎಂದೆ.

"ಒಂದೇ ನಂಬರ್ ಎರಡು ಗಾಡೀಲಿದ್ರೆ ನೀವೂ ಒಳಗೆ, ನಾನೂ ಒಳಗೆ ಅಮ್ಮ" ಎಂದ. ನನ್ನ ಮುಖ ನೋಡಿದ. ಆಮೇಲೆ ಗುಜರಿ ಕೆದಕಿ ಎರಡು ತುಂಡು ಹುಡುಕಿ ಕೊಟ್ಟ. "ಗಾಡಿಗೆ ಮಾತ್ರ ಹಾಕ್ಬೇಡಿ."

ತುಂಡುಗಳನ್ನು ಒಂದು ರಟ್ಟಿಗೆ ಅಂಟಿಸಿದೆ. ಕಾರಿನ ಹೊಸ ಪ್ಲೇಟಿಗೆ ಅಡ್ಡವಾಗಿ ನಿಂತು, ರಟ್ಟನ್ನು ಎದೆಗೆ ಹಿಡಿದುಕೊಂಡು, "ಬನ್ನಿ ಅಪ್ಪ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಹತ್ತಿರ ಬಂದು ಅಂಕಿಗಳ ಮೇಲೆ ಬೆರಳಾಡಿಸಿದರು. "ಏಳು, ಎರಡು, ಎರಡು, ಏಳು. ನಮ್ಮದೇ!" ಹತ್ತಿ ಕೂತರು. ಹೋದ ಜೀವ ಬಂದಂತಾಯಿತು.

ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಖುಷಿಯಾಗಿದ್ದರು. ದಾರಿಯಲ್ಲಿ ಮಾತು ತೆಗೆದರು.

"ನೋಡು, ನನ್ನ ಮಗ ಗಾಡಿ ಕಳಿಸಿದಾನೆ. ಬಂಗಾರದಂಥ ಹುಡುಗ."

ನಾನು ಗೇರು ಬದಲಿಸಿದೆ.

"ನಿನಗೆ ಸಂಬಳ ಸರಿಯಾಗಿ ಕೊಡ್ತಾನೇನಮ್ಮ?"

"ಕೊಡ್ತಾರೆ ಯಜಮಾನ್ರೇ" ಎಂದೆ.

ಆಸ್ಪತ್ರೆ ಬರುವವರೆಗೂ ಅವರು ಮಗನನ್ನು ಹೊಗಳುತ್ತಲೇ ಇದ್ದರು. ನಾನು ಹೂಂಗುಟ್ಟುತ್ತಾ ಗಾಡಿ ಓಡಿಸಿದೆ.