ಕಡಲ ಒತ್ತುವರಿ

ಜ್ಯೋತಿಲಕ್ಷ್ಮಿ ಏನು ಓದುತ್ತಿದ್ದಾಳೆ ಎಂದು ಪಟ್ಟಂದೂರು ಅಗ್ರಹಾರದಲ್ಲಿ ಯಾರನ್ನು ಕೇಳಿದರೂ ‘ಚೈನೀಸು’ ಎನ್ನುತ್ತಿದ್ದರು. ಅವಳ ತಾಯಿ ಅಂಜಿನಮ್ಮ ಒಮ್ಮೆ ಯಾರಿಗೋ ಹಾಗೆ ಹೇಳಿಬಿಟ್ಟದ್ದೇ ತಪ್ಪಾಯಿತು. ಐಟಿ ಪಾರ್ಕಿನ ಗೇಟಿನಿಂದ ಬಸ್ ಸ್ಟಾಪಿನವರೆಗೆ ತಳ್ಳುಗಾಡಿಗಳ ಮೇಲೆಲ್ಲ ಆ ಪದ ಬರೆದಿರುವ ಊರಿನಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ನೆಂಟರು ಪಿಎಚ್.ಡಿ. ಹುಡುಗಿಯನ್ನು ಹಿಡಿದು, ಗೋಬಿ ಮಂಚೂರಿ ಗರಿಗರಿ ಬರಬೇಕಾದರೆ ಏನು ಹಾಕಬೇಕು ಎಂದು ಕೇಳುತ್ತಿದ್ದರು. ಪಾಪ, ಅವಳಿಗೆ ಮೊಟ್ಟೆ ಬೇಯಿಸಲೂ ಸರಿಯಾಗಿ ಬಾರದು.

ಅವಳ ಸಂಶೋಧನೆ ಚೀನಾದ ನೌಕಾಬಲದ ಮೇಲೆ. ಆ ಬಲ ಬೆಳೆದಂತೆಲ್ಲ ಸುತ್ತಲಿನ ಸಣ್ಣ ದೇಶಗಳ ಕಡಲಿಗೆ ಏನಾಗುತ್ತದೆ ಎನ್ನುವುದು ಅವಳ ಪ್ರಶ್ನೆ. ಸಿಂಗಪುರದ ಒಂದು ಅಧ್ಯಯನ ಕೇಂದ್ರ ವರ್ಷದ ಮಟ್ಟಿಗೆ ಅವಳನ್ನು ಕರೆದಿತ್ತು. ಬರುತ್ತೇನೋ ಇಲ್ಲವೋ ಎಂದು ನಾಳೆಯೊಳಗೆ ತಿಳಿಸಬೇಕು. ಅಪ್ಪ ಶ್ಯಾಮಣ್ಣ ಇನ್ನೂ ಹೂಂ ಅಂದಿರಲಿಲ್ಲ. ಅಪ್ಪನನ್ನು ಕೇಳದೆಯೂ ಹೊರಡಬಹುದಿತ್ತು, ಅವಳೇನು ಚಿಕ್ಕ ಮಗುವೇ? ಆದರೆ ಅಪ್ಪನ ಮುಖ ಸಣ್ಣದಾದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

“ನಮ್ಗೂ ಸಮುದ್ರಕ್ಕೂ ಏನವ್ವ ಸಂಬಂಧ? ನಿಂಗೆ ಈಜೋಕೂ ಬರಲ್ಲ,” ಎಂದ ಶ್ಯಾಮಣ್ಣ.

ಅವಳು ಆಯಕಟ್ಟಿನ ಜಲಮಾರ್ಗ, ಪ್ರಾದೇಶಿಕ ಭದ್ರತೆ ಎಂದೆಲ್ಲ ಶುರುಮಾಡಿದಳು. ವಿಶ್ವವಿದ್ಯಾಲಯದಲ್ಲಿ ಚಪ್ಪಾಳೆ ಗಿಟ್ಟಿಸಿದ ಆ ಮಾತುಗಳಿಗೆ ಮನೆಯಲ್ಲಿ ಸಿಕ್ಕಿದ್ದು ಒಂದು ದೊಡ್ಡ ಆಕಳಿಕೆ. ಅವಳಿಗೆ ರೇಗಿಹೋಯಿತು.

“ಒತ್ತುವರಿ ಕಣಪ್ಪ! ಸಮುದ್ರಾನೇ ಒತ್ತುವರಿ ಮಾಡ್ತಿದಾರೆ!”

ಆಕಳಿಕೆ ಅರ್ಧಕ್ಕೇ ನಿಂತಿತು. ಆ ಪದ ಕೇಳಿದರೆ ಆ ಮನೆಯಲ್ಲಿ ಎಲ್ಲರಿಗೂ ಮೈ ಉರಿಯುತ್ತಿತ್ತು. ಕೆರೆಯಂಚಿನ ಅವರ ಹೊಲಕ್ಕೆ ಪಕ್ಕದವನು ಮೊದಲು ಒಂದು ಲೋಡು ಮಣ್ಣು ಸುರಿಸಿದ್ದ. ಆಮೇಲೆ ತಗಡಿನ ಶೆಡ್ಡು ಎದ್ದಿತು, ಅದಕ್ಕೆ ಕರೆಂಟೂ ಬಂತು. ಶ್ಯಾಮಣ್ಣ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ್ದಷ್ಟೇ ಬಂತು, ನೆಲ ಕೈಬಿಟ್ಟು ಹೋಯಿತು.

“ಸಮುದ್ರಾನ ಎಂಗವ್ವ ಒತ್ತುವರಿ ಮಾಡ್ತಾರೆ?”

“ನಮ್ಮ ಹೊಲಕ್ಕೆ ಮಾಡಿದ್ರಲ್ಲ, ಹಂಗೇ. ನೀರೊಳಗೆ ಹವಳದ ದಿಬ್ಬ ಇರತ್ತೆ. ಅದರ ಮೇಲೆ ಮರಳು ಸುರೀತಾರೆ, ದ್ವೀಪ ಆಗತ್ತೆ. ಅಲ್ಲಿ ವಿಮಾನ ಇಳಿಯೋಕೆ ರನ್‌ವೇ ಕಟ್ತಾರೆ. ಆಮೇಲೆ ಪಕ್ಕದ ದೇಶದೋರು ಮೀನು ಹಿಡಿಯೋಕೆ ಬಂದ್ರೆ ಅಟ್ಟಿಬಿಡ್ತಾರೆ.”

“ಕೇಳೋರಿಲ್ವಾ?”

“ಫಿಲಿಪ್ಪೀನ್ಸ್‌ನೋರು ಕೇಸ್ ಹಾಕಿ ಗೆದ್ರು. ಆ ಆರ್ಡರನ್ನ ಚೀನಾ ಒಪ್ಪಲ್ಲ ಅಂತು.”

“ಆರ್ಡರ್ ಬಂದ್ರೂ ಬಿಡ್ಲಿಲ್ವಾ!” ಶ್ಯಾಮಣ್ಣ ಎದ್ದೇ ನಿಂತ. ಸಿಟ್ಟು ಬಂದದ್ದು ಚೀನಾದ ಮೇಲೋ ಪಕ್ಕದ ಹೊಲದವನ ಮೇಲೋ, ಅವನಿಗೇ ಗೊತ್ತಿರಲಿಲ್ಲ. “ನೀನು ಅಲ್ಲೋಗಿ ಏನ್ ಮಾಡ್ತೀಯ?”

“ಉಪಗ್ರಹದ ಫೋಟೋಗಳನ್ನ ನೋಡ್ತೀನಿ. ಎಲ್ಲಿ, ಯಾವಾಗ ತುಂಬಿದ್ರು, ಯಾವ ಹಡಗು ಬಂತು, ಎಲ್ಲಾ ಬರೀತೀನಿ. ನಾನು ಬರೆದ ಮಾತ್ರಕ್ಕೆ ಯಾರೂ ಜಾಗ ಖಾಲಿ ಮಾಡಲ್ಲಪ್ಪ. ಆದ್ರೆ ಇದು ತಾತನ ಕಾಲದಿಂದ ನಮ್ದೇ ಅಂತ ನಾಳೆ ಸುಳ್ಳು ಹೇಳೋದು ಕಷ್ಟ ಆಗತ್ತೆ.”

ಅವರೆಕಾಳು ಹಿತಕುತ್ತಿದ್ದ ಅಂಜಿನಮ್ಮ ಕೈ ನಿಲ್ಲಿಸಿದಳು. ಪಕ್ಕದ ಹೊಲದವನು ಸರ್ವೆಯವರ ಮುಂದೆ ಹೇಳಿದ್ದೂ ಇದೇ ಮಾತು. ಊರಿಗೆ ಊರೇ ಅವತ್ತು ಬಾಯಿ ಮುಚ್ಚಿಕೊಂಡಿತ್ತು.

ಶ್ಯಾಮಣ್ಣ ಮಗಳ ಪಕ್ಕ ಬಂದು ಕೂತ.

“ನಾನು ಕಣ್ಣಾರೆ ನೋಡಿದ್ದೆ ಅನ್ನೋಕೆ ಒಬ್ರೂ ಬರ್ಲಿಲ್ಲ ಕಣವ್ವ ನಮ್ಗೆ. ಆ ಮೀನು ಇಡಿಯೋರಿಗೆ ನೀನಾದ್ರೂ ಇರು. ಓಗ್ಬಾ.”